ಶಾ. ಜೋಸ್ನಾ

ನನ್ನ ಉದ್ರಿ ಪುಸ್ತಕದಲ್ಲಿ ಇಬ್ಬರು ಜೋಸ್ನಾ.
ಒಬ್ಬಳ ಬಾಕಿ ಇನ್ನೊಬ್ಬಳಿಗೆ ಹತ್ತಿ ಜಗಳವಾದ ಮೇಲೆ
ಊರು ಕೇಳಿದೆ. ನಮ್ಮಲ್ಲಿ ಹಾಗೆ ತಾನೆ,
ಹೆಸರಿಗಿಂತ ಮುಂದೆ ಊರು ನಡೆಯುತ್ತದೆ
ಒಂದಕ್ಷರವಾಗಿ, ಒಂದು ಚುಕ್ಕಿಯಾಗಿ.
'ಶಾಲುಕ್‌ಡಾಂಗಾ' ಅಂದಳು. ಮೂರು ಸಲ ಹೇಳಿಸಿಕೊಂಡು ಬರೆದೆ.
ಶಾಲುಕ್ ಅಂದರೆ? ಕೈಯಲ್ಲೇ ಅರಳಿಸಿ ತೋರಿಸಿದಳು, ನೈದಿಲೆ.
ಡಾಂಗಾ ಅಂದರೆ ದಿಬ್ಬ.
ನೈದಿಲೆದಿಬ್ಬ. ಹಿಂಗಂದುಕೊಂಡರೆ
ಮಾಲೂರಿನ ಆಚೆ ಎಲ್ಲೋ ಇರಬಹುದಾದ ಊರು.

ವರ್ತೂರು ಕೋಡಿಯ ಹಿಂದೆ
ನಮ್ಮಪ್ಪ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ
ನೂರಾ ಹನ್ನೊಂದು ಶೆಡ್ಡು, ನೀಲಿ ಟಾರ್ಪಾಲು.
ನಾಲ್ಕಕ್ಕೆ ಗಾಡಿಗಳು ಹೊರಡುತ್ತವೆ ಅಪಾರ್ಟ್‌ಮೆಂಟುಗಳ ಕಸಕ್ಕೆ,
ಎಂಟಕ್ಕೆ ಹೆಂಗಸರು, ಪಾತ್ರೆಗೆ.
ಎರಡರ ಮೇಲೆ ಜೋಸ್ನಾ ನನ್ನ ಅಂಗಡಿ ಮೆಟ್ಟಿಲಿಗೆ.
ಕಾಲು ಲೀಟರು ಸಾಸಿವೆ ಎಣ್ಣೆ, ಒಂದು ಸೇರು ಪುರಿ.
ಪುರಿಯನ್ನು ಬೆರಳಲ್ಲಿ ಒತ್ತಿ, ಮೂಗು ಮುರಿದು,
'ಇದು ಮಿಷನ್ನಿಂದು' ಅಂತ ದಿನಾ ಅದೇ ದೂರು.
ಅವಳಮ್ಮ ಹುರಿಯುತ್ತಿದ್ದಳಂತೆ. ಮಣ್ಣಿನ ಬಾಂಡಲೆ, ಕಾದ ಮರಳು,
ಕಡ್ಡಿಪೊರಕೆಯಲ್ಲಿ ಒಮ್ಮೆ ಆಡಿಸಿದರೆ
ಅಕ್ಕಿ ನಗುತ್ತಿತ್ತಂತೆ.

ಹೀಗೆ ಬಿಡಿಬಿಡಿಯಾಗಿ, ಬಾಕಿ ತೀರಿಸಿದಂತೆ,
ಆ ಊರು ನನ್ನ ಅಂಗಡಿಗೆ ಬಂತು.
ಮನೆಗೊಂದು ಕೊಳ. ಮೇಲಿನ ಮೆಟ್ಟಿಲಲ್ಲಿ ಪಾತ್ರೆ, ಕೆಳಗಿನದರಲ್ಲಿ ಮುಳುಗು.
ಸಂಜೆ ಬಾತುಗಳನ್ನು 'ತೊಯ್ ತೊಯ್' ಎಂದು ಕರೆಯುವುದು.
ಸೆಣಬು ಕೊಳೆಹಾಕಿದ ತಿಂಗಳಿಡೀ ಊರೆಲ್ಲ ನಾತ,
ದುಡ್ಡಿನ ವಾಸನೆ ಅದು, ಅನ್ನುತ್ತಿದ್ದನಂತೆ ಅವಳ ಮಾವ.
ಚಳಿಗೆ ಈಚಲ ಮರದ ಕೊರಳಲ್ಲಿ ಮಡಕೆ.
ಈಚಲು ಅಂದರೆ ಹೆಂಡ ಅಂತ ತಿಳಿದಿದ್ದ ನಾನು ನಕ್ಕೆ.
ಬೆಲ್ಲ, ಅಂದಳು ಸಿಟ್ಟಿನಲ್ಲಿ. ಬೆಲ್ಲ.

ಅವಳ ಮುತ್ತಜ್ಜನ ಕಾಲಕ್ಕೆ ಬಿಳಿ ದೊರೆಗಳ ನೀಲಿ ತೊಟ್ಟಿಗಳು,
ಭತ್ತದ ಗದ್ದೆಗೆ ನೀಲಿ ಬಿತ್ತು ಅಂತ ಛಡಿಯೇಟು.
ಅದೇ ಇಟ್ಟಿಗೆ ತೊಟ್ಟಿಯೊಳಗೆ ಇವಳು ಕಣ್ಣಾಮುಚ್ಚಾಲೆ ಆಡಿದ್ದು.
ಆಮೇಲೊಂದು ಗೆರೆ ಬಂತು. ಅಜ್ಜಿಯ ತವರು ಬೇರೆ ದೇಶವಾಯಿತು,
ಹೋರಿಗೆ ಬಿಡಲು ಕಳಿಸಿದ್ದ ಹಸು ಆಚೆಯೇ ಉಳಿಯಿತು.
ಕಡೆಗೆ ಪದ್ಮಾ ಬಂದಳು.
ಪದ್ಮಾ ಅಂದರೆ ನದಿ. ಮೊದಲು ಸೆಣಬಿನ ಹೊಲ, ಆಮೇಲೆ ಮಸೀದಿಯಂಗಳ,
ಇಸ್ಕೂಲು, ಆ ತೊಟ್ಟಿಗಳು,
ಒಂದು ರಾತ್ರಿ ಬಾತುಗೂಡಿನ ಸಮೇತ ಅಡುಗೆಮನೆ.

ನನ್ನ ನಾದಿನಿ ಹೆಸರೂ ಪದ್ಮಾನೇ, ಅಂದೆ,
ಅವಳೂ ನಮ್ಮದು ಒಂದೂವರೆ ಎಕರೆ ನುಂಗಿದಳು, ಕೋರ್ಟಿನಲ್ಲಿ.
ಜೋಸ್ನಾ ನಕ್ಕು, ಪುರಿ ನೆತ್ತಿಗೇರಿ, ಕೆಮ್ಮಿದಳು.

ನಮ್ಮೂರಿಗೆ ಯಾವ ನದಿಯೂ ಬರಲಿಲ್ಲ. ಅದರ ಮೇಲೆ ಕಟ್ಟಿದರು, ಅಷ್ಟೇ.
ಈಗ ನೊರೆ ಹಾರುವ ಕೆರೆಯಲ್ಲಿ ನಮ್ಮಮ್ಮ
ನೈದಿಲೆ ಗೆಡ್ಡೆ ಕೀಳುತ್ತಿದ್ದಳು ಅಂದರೆ
ಮೊಮ್ಮಗಳು ನಂಬುವುದಿಲ್ಲ.
ಜೋಸ್ನಾ ಕೇಳಿದಳು, ಬೇಯಿಸಿಯೋ, ಹಸಿಯೋ?

ಮೊನ್ನೆ ಜೀಪು ಬಂತು.
ಶೆಡ್ಡು ಶೆಡ್ಡಿಗೂ ಕಾಗದ ಕೇಳಿದರು. ಕಾಗದವಿತ್ತು.
ಊರೆಲ್ಲಿ ಅಂದರು. ಫೋನಿನ ನಕ್ಷೆಯಲ್ಲಿ
ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರೆ ಬರೀ ನೀರು.
'ಎಲ್ಲಮ್ಮಾ? ಇಲ್ಲವಲ್ಲ.'
ನಾನು ಗಲ್ಲಾ ಬಿಟ್ಟೆದ್ದೆ, ಪುಸ್ತಕ ಹಿಡಿದು.
ನಾಲ್ಕು ವರ್ಷದ ಲೆಕ್ಕ, ನನ್ನ ಕೋಳಿಕಾಲಿನ ಅಕ್ಷರ,
ಶಾ. ಜೋಸ್ನಾ ಎಣ್ಣೆ, ಶಾ. ಜೋಸ್ನಾ ಪುರಿ,
ಶಾ. ಜೋಸ್ನಾ ಬೆಂಕಿಪೊಟ್ಟಣ, ಒಂದು ರೂಪಾಯಿ ಬಾಕಿ.
'ಇದು ದಾಖಲೆ ಅಲ್ಲ ಕಣಮ್ಮ' ಅಂದ ಎಸ್ಸೈ.
ಸ್ವಲ್ಪ ತಡೆದು, 'ಶಾ ಅಂದರೇನು?' ಅಂದ.
ಅವನ ಎದೆಯ ಪಟ್ಟಿಯ ಮೇಲೂ ಒಂದಕ್ಷರ, ಒಂದು ಚುಕ್ಕಿ.
ಆ ಊರು ಇದೆಯೋ, ಯಾವುದಾದರೂ ಅಣೆಕಟ್ಟಿನ ಕೆಳಗೆ ಹೋಯಿತೋ,
ಕೇಳಬೇಕೆನಿಸಿತು. ಕೇಳಲಿಲ್ಲ.

ಗುರುವಾರ ಠಾಣೆಗೆ ಬಾ, ಜೆರಾಕ್ಸ್ ತಾ, ಅಂತ ಹೇಳಿ ಹೋದರು.
ಸಂಜೆ ಬಂದಳು. ಕಾಲು ಲೀಟರು ಎಣ್ಣೆ.
ಪುರಿ ಬೇಡ ಅಂದಳು, ನಾನೇ ಕಟ್ಟಿದೆ.
ಬಾಕಿ ಸಾವಿರದ ನಲವತ್ತು.
ಬರೆದುಕೊಂಡೆ, ಊರಿನ ಸಮೇತ.